ಒಂದೇ 'ತು' ಎಷ್ಟು ಕೆಲಸ ಮಾಡಬೇಕು?

ಮಡಿಕೇರಿಯ ಹುಡುಗರು ಆಟವೊಂದಕ್ಕೆ ಹೊಸ ಭಾಷೆ ಕಟ್ಟುತ್ತಿದ್ದಾರೆ. ಕಾಫಿ ತೋಟದ ಲೋಕ, 200 ಪದ, ಚೆಂದದ ಲಿಪಿ. ಪದಪಟ್ಟಿ ಈಗಷ್ಟೇ ಓದಿದೆ. ಖುಷಿಯಾಯ್ತು, ಸಿಟ್ಟೂ ಬಂತು. ಯಾವ ನಾಮಪದಕ್ಕಾದರೂ ಮುಂದೆ 'ತು' ಹಚ್ಚಿದರೆ ಕ್ರಿಯಾಪದವಂತೆ. ಅಷ್ಟೇ ನಿಯಮ!

ಅಷ್ಟು ಸಾಲಲ್ಲ. ಅವರ ಭಾಷೆಯಲ್ಲಿ ನೆರಳು 'ಸೊರ'. ಹಾಗಾದ್ರೆ 'ತುಸೊರ' ಏನು? ನೆರಳು ಕೊಡೋದಾ, ನೆರಳಾಗೋದಾ, ಮರಕಪಾತು ಮಾಡಿ, ಅಂದರೆ ಮರದ ಕೊಂಬೆ ಕಡಿದು, ನೆರಳು ತೆಗೆಯೋದಾ? ಕೇಳಿಸಿಕೊಂಡವನು ನೆರಳಿಗೆ ಸಿಲ್ವರ್ ಗಿಡ ನೆಡಬೇಕೋ, ಕತ್ತಿ ಹಿಡಿದು ಮರ ಹತ್ತಬೇಕೋ?

ಕನ್ನಡ ಇದನ್ನು ಪದದ ಹಿಂದೆ ಬಿಡಿಸಿಡುತ್ತೆ: ಕೆಂಪಾಗು, ಕೆಂಪು ಮಾಡು. 1887ರಲ್ಲಿ ಬಂದ, ಹೀಗೇ ಕಟ್ಟಿದ ಭಾಷೆ ಎಸ್ಪೆರಾಂಟೊದಲ್ಲೂ ಹಾಗೇ, 'ರುಜಿಜಿ' ಕೆಂಪಾಗು, 'ರುಜಿಗಿ' ಕೆಂಪು ಮಾಡು. ಅದರ 'ಎಕ್' ಮುನ್ನೊಟ್ಟನ್ನು (ಪದದ ಮುಂದೆ ಹಚ್ಚೋ ತುಣುಕು) ನೋಡಿ 'ತು' ಮಾಡಿದೆವು ಅಂತಾರೆ ಹುಡುಗರು. ಆದರೆ 'ಡೊರ್ಮಿ' ನಿದ್ರಿಸು, 'ಎಕ್‌ಡೊರ್ಮಿ' ನಿದ್ದೆಗೆ ಜಾರು. 'ಎಕ್' ಇರೋ ಕ್ರಿಯೆಗೆ ಶುರುವನ್ನು ಸೇರಿಸುತ್ತೆ. ಕ್ರಿಯಾಪದ ಮಾಡೋದು ಕೊನೆಯ 'ಇ'.

ಇಂಗ್ಲಿಷಿನ 'ಎನ್' ಇಲ್ವಾ ಅನ್ನಬಹುದು. ಎನ್‌ರಿಚ್ ಅಂದರೆ ಶ್ರೀಮಂತ ಮಾಡು, ಎನ್‌ಡೇಂಜರ್ ಅಂದರೆ ಅಪಾಯಕ್ಕೆ ತಳ್ಳು, ಎರಡೂ ತಿಳಿಯುತ್ತೆ. ತಿಳಿಯುತ್ತೆ, ನೂರಾರು ವರ್ಷ ಬಾಯಲ್ಲಿ ಆಡಿ ಒಂದೊಂದು ಪದದ ಅರ್ಥವೂ ಗಟ್ಟಿಯಾಗಿದೆ. ನಿನ್ನೆ ಹುಟ್ಟಿದ 'ತುಸೊರ'ಕ್ಕೆ ಆ ಆಸರೆ ಎಲ್ಲಿದೆ?

ಮೂರು ಮುನ್ನೊಟ್ಟು ಇಡಿ: ಮಾಡೋಕೆ, ಕೊಡೋಕೆ 'ತು', ಆಗೋಕೆ 'ಮೊ', ತೆಗೆಯೋಕೆ 'ಲೆ'. 20 ನಾಮಪದಕ್ಕೆ ಮೂರನ್ನೂ ಹಚ್ಚಿ, ಪಕ್ಕದವರಿಗೆ ಅರ್ಥ ಕೇಳಿ. ಅವರು ತಡವರಿಸಿದ ಕಡೆ ನಿಯಮ ತಿದ್ದಿ.

ಆಮೇಲೆ ಡಿಕ್ಕಿ ಹುಡುಕಿ. ಪಟ್ಟಿಯಲ್ಲಿ 'ನೀ' ನೀರು, 'ತುನೀ' ಹಗ್ಗ. ನೀರು ಹಾಕು ಅನ್ನೋಕೂ 'ತುನೀ'ಯೇ ಆಯ್ತಲ್ಲ! ತು, ಮೊ, ಲೆಯಿಂದ ಯಾವ ನಾಮಪದವೂ ಶುರುವಾಗಬಾರದು. ಹಗ್ಗಕ್ಕೆ ಬೇರೆ ಪದ ಹುಡುಕಿ.

'ಅಪ'ದಂಥ, ಸ್ವರದಿಂದ ಶುರುವಾಗೋ ಪದಕ್ಕೆ ನಮ್ಮ ಆಗಮ ಸಂಧಿಯೇ ಸಾಕು. 'ಗುರುವನ್ನು' ಅನ್ನೋ ಹಾಗೆ ತು, ಅಪ ಸೇರಿ 'ತುವಪ'. ಲೆ, ಅಪ ಸೇರಿ 'ಲೆಯಪ'. ಇಲ್ಲದಿದ್ದರೆ ಬೇಗ ಮಾತಾಡುವಾಗ 'ತಪ' ಆಗಿ ಮುನ್ನೊಟ್ಟೇ ಸವೆದುಹೋಗುತ್ತೆ.

ಕ್ರಿಯೆಯ ಕಾಲ ಹೇಳೋ ತುಣುಕನ್ನೂ ಪದದ ಮುಂದೆಯೇ ತುರುಕಿದ್ದಾರೆ. ಇನ್ನೊಂದು ಕಟ್ಟಿದ ಭಾಷೆ ವೊಲಪ್ಯೂಕ್ ಹಾಗೆ ಮಾಡಿತ್ತು: 'ಲೋಫೋಬ್' ಪ್ರೀತಿಸುತ್ತೇನೆ, 'ಓಲೋಫೋಬ್' ಮುಂದೆ ಪ್ರೀತಿಸುವೆ. ಅಲ್ಲಿ ಕ್ರಿಯಾಪದ ಮಾಡೋ ಕೆಲಸ ಹಿಂದಿನ 'ಓಬ್'ನದ್ದು, ಹಾಗಾಗಿ ಮುಂದೆ ಜಾಗ ಇತ್ತು. ಇವರದ್ದರಲ್ಲಿ ಕಾಲಕ್ಕೊಂದು, 'ತು' ಒಂದು, ಎರಡೂ ಒಂದೇ ಕಡೆ ನೂಕಾಡ್ತಿವೆ. ಕಾಲವನ್ನು ಹಿಂದಕ್ಕೆ ಕಳಿಸಿ ಮಕ್ಕಳೇ. ತಿದ್ದಿದ ಪಟ್ಟಿ ಹಾಕಿ, ಪೂರ್ತಿ ಓದ್ತೀನಿ.