ಆಟಿಯ ಕಷಾಯ, ಯೊಹಾನನ ಹಬ್ಬದ ಹೂವು

ಉಡುಪಿಯಲ್ಲಿ ಬೆಳೆದು ಈಗ ಜರ್ಮನಿಯಲ್ಲಿ ನೆಲೆಸಿರುವ ನನಗೆ, ಮೂಲಿಕೆಗಳ ವಿಷಯದಲ್ಲಿ ಈ ಎರಡು ನೆಲಗಳ ನಡುವೆ ಜನ ಊಹಿಸುವಷ್ಟು ಅಂತರ ಕಾಣುವುದಿಲ್ಲ. ನಮ್ಮಲ್ಲಿ ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮೊದಲೇ ಹಾಲೆಮರದ ತೊಗಟೆಯನ್ನು, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ರಸದಲ್ಲಿ ಅದ್ದಿ, ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಇಲ್ಲಿಯವರು ಜೂನ್ 24ರ ಸಂತ ಯೊಹಾನನ ಹಬ್ಬದ ಆಸುಪಾಸಿನಲ್ಲಿ ಅರಳುವ ಹಳದಿ ಹೂವಿನ ಗಿಡಕ್ಕೆ ಆ ಸಂತನ ಹೆಸರನ್ನೇ ಇಟ್ಟಿದ್ದಾರೆ. ಅದರ ಹೂವನ್ನು ಎಣ್ಣೆಯಲ್ಲಿ ನೆನೆಸಿ, ಎಣ್ಣೆ ಕೆಂಪಾದ ಮೇಲೆ ಗಾಯಕ್ಕೆ ಹಚ್ಚುವ ರೂಢಿ ಹಳೆಯದು. ಎರಡು ಕಡೆಯೂ ಗಿಡವನ್ನು ನೆನಪಿನಲ್ಲಿ ಉಳಿಸಿದ್ದು ಪಂಚಾಂಗವೇ.

ದಾರಿ ಬೇರೆಯಾಗುವುದು ಅಲ್ಲಿಂದ ಮುಂದೆ. 1978ರಲ್ಲಿ ಜರ್ಮನಿಯಲ್ಲಿ ‘ಕಮಿಷನ್ ಇ’ ಎಂಬ ತಜ್ಞರ ಸಮಿತಿ ರಚನೆಯಾಯಿತು. ಅದು ನೂರಾರು ಮೂಲಿಕೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಗಿಡದ ಯಾವ ಭಾಗವನ್ನು, ಎಷ್ಟು ಪ್ರಮಾಣದಲ್ಲಿ, ಯಾವ ತೊಂದರೆಗೆ ಬಳಸಬಹುದು, ಯಾರಿಗೆ ಅದು ಸಲ್ಲದು ಎಂದು ಬರೆದಿಟ್ಟಿತು. ಪ್ರಯೋಜನ ಕಾಣದ ಮೂಲಿಕೆಗಳ ಬಗ್ಗೆ ಹಾಗೆಂದೇ ಹೇಳಿತು. ಯೊಹಾನನ ಹೂವಿನ ಸಾರ ಇಂದು ಖಿನ್ನತೆಗೆ ಕೊಡುವ ಮಾತ್ರೆಯಾಗಿ ಔಷಧದಂಗಡಿಯಲ್ಲಿ ಸಿಗುತ್ತದೆ, ಪೆಟ್ಟಿಗೆಯೊಳಗೆ ಎಚ್ಚರಿಕೆಯ ಹಾಳೆಯೂ ಇರುತ್ತದೆ. ಆ ಹಾಳೆಯ ಬೆಲೆ ಏನೆಂದು ತಿಳಿಯಲು ಒಂದು ಸಂಗತಿ ಸಾಕು. 2000ರಲ್ಲಿ ಜ್ಯೂರಿಚ್‌ನ ವೈದ್ಯರು, ಹೃದಯ ಕಸಿ ಮಾಡಿಸಿಕೊಂಡ ಇಬ್ಬರು ಈ ಮೂಲಿಕೆಯನ್ನು ಸೇವಿಸಿದ್ದರಿಂದ ಅವರ ದೇಹ ಹೊಸ ಹೃದಯವನ್ನು ತಿರಸ್ಕರಿಸತೊಡಗಿದ್ದನ್ನು ವರದಿ ಮಾಡಿದರು. ದೇಹದಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ಈ ಹೂವು ಚುರುಕುಗೊಳಿಸುತ್ತದೆ. ಹಾಗಾಗಿ ಕಸಿಯನ್ನು ಕಾಯುವ ಸೈಕ್ಲೋಸ್ಪೋರಿನ್ ರಕ್ತದಲ್ಲಿ ಸಾಕಷ್ಟು ಉಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ನುಂಗುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಇವುಗಳ ಬಲವನ್ನೂ ಅದು ಕುಗ್ಗಿಸುತ್ತದೆ.

ಕರಾವಳಿಯ ನಮ್ಮ ಅಂಗಳದ ಹೂಗಳಿಗೂ ಇಂಥ ಶಕ್ತಿಯಿದೆ ಎನ್ನುವುದನ್ನು ನಾವು ಮರೆತಂತಿದೆ. ಸಕ್ಕರೆ ಕಾಯಿಲೆಗೆಂದು ಎಲೆ ಅಗಿಯುವ ನಿತ್ಯಪುಷ್ಪ ಮೂಲತಃ ಮಡಗಾಸ್ಕರಿನದು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಅದೇ ಕಾಯಿಲೆಗೆ ಮದ್ದು ಸಿಗಬಹುದೆಂದು ಅದನ್ನು ಪರೀಕ್ಷಿಸಿದಾಗ, ಅದು ಬಿಳಿರಕ್ತಕಣಗಳನ್ನು ಕುಗ್ಗಿಸುವುದು ಕಂಡುಬಂತು. ಆ ದಾರಿಯಲ್ಲಿ ಸಿಕ್ಕಿದ್ದು ಕ್ಯಾನ್ಸರಿಗೆ ಕೊಡುವ ವಿನ್‌ಬ್ಲಾಸ್ಟಿನ್. ಅಷ್ಟು ತೀಕ್ಷ್ಣವಾದ ವಸ್ತುಗಳಿರುವ ಗಿಡದ ಎಲೆಯನ್ನು ನಿತ್ಯವೂ ಲೆಕ್ಕವಿಲ್ಲದೆ ಅಗಿಯುವುದು ನನಗೆ ಭಯ ಹುಟ್ಟಿಸುತ್ತದೆ. ದೇವರ ಪೂಜೆಗೆ ಕೊಯ್ಯುವ ಕಣಗಿಲೆಯಂತೂ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಹಾಲೆಯೆಂದು ತಿಳಿದು ನಸುಕಿನ ಕತ್ತಲೆಯಲ್ಲಿ ಕಾಸರಕದ ಮರದ ತೊಗಟೆ ತಂದರೆ ಅದರಲ್ಲಿ ಸ್ಟ್ರಿಕ್ನಿನ್ ಎಂಬ ಮಾರಕ ವಿಷ ಇರುತ್ತದೆ.

ಆದರೆ ಜರ್ಮನಿಯ ಕ್ರಮವನ್ನೇ ಹಾಗೆಹಾಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಇಲ್ಲಿ ಕ್ಯಾಮೊಮೈಲ್ ಹೂವನ್ನು ಚಹಾದ ಪೊಟ್ಟಣದಲ್ಲಷ್ಟೇ ಕಂಡವರು ಬೇಕಾದಷ್ಟಿದ್ದಾರೆ. ನಮ್ಮಲ್ಲಿ ಕೇಪುಳದ ಹೂವು ತೆಂಗಿನಕಾಯಿ, ಮಜ್ಜಿಗೆಯೊಂದಿಗೆ ತಂಬುಳಿಯಾಗಿ ಅನ್ನಕ್ಕೆ ಬರುತ್ತದೆ. ಹೊಟ್ಟೆ ಕೆಟ್ಟಾಗ ಅದರ ಕಷಾಯ ನೆನಪಾಗುತ್ತದೆ. ದಾಸವಾಳದ ಎಲೆಯ ಗೊಂಪು ತಲೆಗೆ ತಂಪು. ಗಿಡವನ್ನು ಕಣ್ಣಿನಿಂದ, ಮೂಗಿನಿಂದ, ನಾಲಗೆಯಿಂದ ಗುರುತಿಸುವ ಈ ತಿಳಿವಳಿಕೆ ಯಾವ ಮುದ್ರಿತ ಹಾಳೆಯಲ್ಲೂ ಸಿಗದು. ಅಜ್ಜಿಯಂದಿರ ಜೊತೆಗೇ ಅದು ಹೋಗಿಬಿಡುತ್ತಿರುವುದು ನನ್ನ ನಿಜವಾದ ಸಂಕಟ.

ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜಿದೆ, ಮಂಗಳೂರಿನ ಪಿಲಿಕುಳದಲ್ಲಿ ಔಷಧೀಯ ಸಸ್ಯಗಳ ವನವಿದೆ. ಗಿಡ ಬಲ್ಲವರು ನಮ್ಮಲ್ಲೇ ಇರುವಾಗ, ಆಟಿಗೆ ಮುಂಚೆ ಕನ್ನಡದಲ್ಲೂ ತುಳುವಿನಲ್ಲೂ ಒಂದೊಂದು ಪುಟದ ಹಾಳೆಯನ್ನು ಮನೆಮನೆಗೆ ಮುಟ್ಟಿಸುವುದು ಕಷ್ಟವಾಗಲಾರದು: ಹಾಲೆಯ ಎಲೆ, ಕಾಸರಕದ ಎಲೆ ಅಕ್ಕಪಕ್ಕದಲ್ಲಿ, ಒಬ್ಬರಿಗೆ ಎಷ್ಟು ಕಷಾಯ ಎಂಬ ಅಳತೆ, ಬಸುರಿಯರು ಮತ್ತು ದಿನನಿತ್ಯ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕೆಂಬ ಮಾತು. ಸಾರ್ವಜನಿಕವಾಗಿ ಕಷಾಯ ಹಂಚುವ ಸಂಘಸಂಸ್ಥೆಗಳು ತೊಗಟೆ ತಂದ ಮರವನ್ನು ಹಗಲಿನಲ್ಲೇ, ಬಲ್ಲವರೊಬ್ಬರಿಂದ ಗುರುತು ಮಾಡಿಸಿಟ್ಟುಕೊಳ್ಳಲಿ. ಆಸ್ಪತ್ರೆಯ ವೈದ್ಯರೂ ರೋಗಿಯ ಮಾತ್ರೆಗಳ ಪಟ್ಟಿ ಬರೆದುಕೊಳ್ಳುವಾಗ, ಗದರಿಸದೆ, ಮನೆಯಲ್ಲಿ ಯಾವ ಕಷಾಯ ಕುಡಿಯುತ್ತೀರಿ ಎಂದು ಕೇಳಿ ಅದನ್ನೂ ಬರೆದುಕೊಳ್ಳಲಿ.