ಎಶರ್ ಗಣಿತಜ್ಞ ಅಲ್ಲ

ನೀರು ಕೆಳಗೆ ಬಿದ್ದು, ಚಕ್ರ ತಿರುಗಿಸಿ, ಮತ್ತೆ ತಾನೇ ಮೇಲಕ್ಕೆ ಹರಿಯುವ ಕಪ್ಪು-ಬಿಳುಪು ಚಿತ್ರ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಜೊತೆಗೆ "ಗಣಿತಜ್ಞ ಎಶರ್ ಲೆಕ್ಕ ಹಾಕಿ ಬರೆದದ್ದು" ಅಂತ ಒಂದು ಸಾಲು. ಇದು ತಪ್ಪು.

ಎಂ. ಸಿ. ಎಶರ್ (1898–1972) ನೆದರ್‌ಲೆಂಡ್ಸ್‌ನ ಅಚ್ಚುಚಿತ್ರ ಕಲಾವಿದರು. ಶಾಲೆಯಲ್ಲಿ ಗಣಿತ ಅವರಿಗೆ ಕಷ್ಟವೇ ಆಗಿತ್ತು. ಹಾರ್ಲೆಮ್‌ನಲ್ಲಿ ವಾಸ್ತುಶಿಲ್ಪ ಓದಲು ಸೇರಿದವರು, ಗುರು ಮೆಸ್ಕಿಟಾ ಅವರ ಪ್ರೋತ್ಸಾಹದಿಂದ ಮರದಚ್ಚಿನ (ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತುವ ಚಿತ್ರ) ಕಡೆ ಹೊರಳಿದರು. ಆ ಗುರು ಯಹೂದಿ. 1944ರಲ್ಲಿ ನಾಜಿಗಳು ಅವರನ್ನು ಹಿಡಿದೊಯ್ದು ಕೊಂದರು, ಮನೆಯಲ್ಲಿ ಉಳಿದಿದ್ದ ಅವರ ಚಿತ್ರಗಳನ್ನು ಕಾಪಾಡಿದವರಲ್ಲಿ ಎಶರ್ ಒಬ್ಬರು. ಈ ವಿಷಯ ಯಾರೂ ಫಾರ್ವರ್ಡ್ ಮಾಡಲ್ಲ, ಅಲ್ವಾ?

ಎಶರ್ ಇಟಲಿಯಲ್ಲಿ ವರ್ಷಗಟ್ಟಲೆ ಇದ್ದು ಬೆಟ್ಟದ ಊರುಗಳನ್ನು ಬರೆದರು. ಸ್ಪೇನಿನ ಅಲ್ಹಂಬ್ರಾ ಅರಮನೆಯ ಗೋಡೆ ಟೈಲ್ಸ್‌ನ ಚಿತ್ತಾರಗಳನ್ನು 1936ರಲ್ಲಿ ಕೂತು ನಕಲು ಮಾಡಿಕೊಂಡರು. ಒಂದರೊಳಗೊಂದು ಸೇರಿಕೊಳ್ಳುವ ಅವರ ಹಕ್ಕಿ, ಮೀನುಗಳ ಚಿತ್ರಗಳಿಗೆ ಅದರಿಂದ ಜಾಸ್ತಿ ಬಲ ಬಂತು.

ಗಣಿತದ ನಂಟು ಸುಳ್ಳೇನಲ್ಲ. ನೀರಿನ ಚಿತ್ರ 1961ರ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದ್ದು. ಗಣಿತಜ್ಞ ರೋಜರ್ ಪೆನ್‌ರೋಸ್ ಮತ್ತು ಅವರ ತಂದೆ 1958ರಲ್ಲಿ ಪ್ರಕಟಿಸಿದ 'ಅಸಾಧ್ಯ ತ್ರಿಕೋನ'ವನ್ನೇ (ಕಾಗದದಲ್ಲಿ ಬರೆಯಬಹುದು, ನಿಜವಾಗಿ ಕಟ್ಟಲಾಗದ ಆಕಾರ) ಎಶರ್ ಅದರಲ್ಲಿ ಬಳಸಿದ್ದಾರೆ. ಆದರೆ ನಮ್ಮ ಕಣ್ಣನ್ನು ನಂಬಿಸುವುದು ಸೂತ್ರ ಅಲ್ಲ, ಎಶರ್ ಕೈ ಎಳೆದ ಗೆರೆ.