ಒಂದು ಇಟ್ಟಿಗೆಯ ಆಸ್ಪತ್ರೆ

ಇಟ್ಟಿಗೆಗೂ ಹೆಂಚಿಗೂ ಹೆಸರಾದ ನಮ್ಮ ಮಾಲೂರಿನಲ್ಲಿ ಒಂದೇ ಒಂದು ಇಟ್ಟಿಗೆ ಬೇಕೆಂದು ಕೇಳಿಕೊಂಡು ಹೋದರೆ, ಗೂಡಿನವರು ನಕ್ಕು, ದುಡ್ಡು ಬೇಡ, ಒಯ್ಯಿರಿ ಎಂದಾರು. ಲೋಡಿನ ಲೆಕ್ಕದಲ್ಲಿ ವ್ಯಾಪಾರ ಮಾಡುವ ಕೋಲಾರ ಜಿಲ್ಲೆಯವರಿಗೆ ಬಿಡಿ ಇಟ್ಟಿಗೆಯ ನಿಜವಾದ ಬೆಲೆ ತಿಳಿದದ್ದು ಗಡಿಯಾಚೆಯ ಮದುರೈಯಿಂದ.

2019ರ ಜನವರಿ 27ರಂದು ಪ್ರಧಾನಿ ನರೇಂದ್ರ ಮೋದಿಯವರು ಮದುರೈಯ ಏಮ್ಸ್ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಹಣ ಬರಬೇಕಾಗಿದ್ದದ್ದು ಜಪಾನ್ ಸರ್ಕಾರದ ಸಾಲಸಂಸ್ಥೆಯಾದ ಜೈಕಾದಿಂದ. ಆ ಸಾಲದ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಮಾರ್ಚ್‌ನಲ್ಲಿ. ನಮ್ಮ ಕಡೆ ಎರಡು ಕೋಣೆಯ ಮನೆ ಕಟ್ಟುವವನು ಸಹ ಬ್ಯಾಂಕಿನವರು ಸಾಲ ಮಂಜೂರು ಮಾಡುವವರೆಗೆ ಮೇಸ್ತ್ರಿಗೆ ವೀಳ್ಯ ಕೊಡುವುದಿಲ್ಲ. ಆದರೆ ಅವನಿಗೆ ಎದುರಿಗೊಂದು ಲೋಕಸಭಾ ಚುನಾವಣೆ ಇರುವುದಿಲ್ಲ ಎಂಬುದನ್ನೂ ನಾವು ಗಮನಿಸಬೇಕು. ಈ ನಡುವೆ ಆ ಜಾಗದಲ್ಲಿ ಆಸ್ಪತ್ರೆ ಏಳಲಿಲ್ಲವಾದರೂ ಅಂದಾಜು ವೆಚ್ಚ ಎದ್ದು ನಿಂತಿತು: ಮೊದಲು 1,264 ಕೋಟಿ ರೂಪಾಯಿಯೆಂದಿದ್ದದ್ದು 1,977.80 ಕೋಟಿಯಾಯಿತು, ಅದರಲ್ಲಿ 1,627.70 ಕೋಟಿ ಜಪಾನಿನ ಸಾಲ. ನೇಪಾಳದ ಕಠ್ಮಂಡುವಿಗೆ ಇನ್ನೂರು ಹಾಸಿಗೆಯ ಟ್ರಾಮಾ ಕೇಂದ್ರವನ್ನೂ ಶ್ರೀಲಂಕಾದ ಡಿಕೋಯಾಕ್ಕೆ ನೂರೈವತ್ತು ಹಾಸಿಗೆಯ ಆಸ್ಪತ್ರೆಯನ್ನೂ ಅನುದಾನವಾಗಿ ಕಟ್ಟಿಸಿಕೊಟ್ಟ ದೇಶವೇ ತನ್ನ ಮದುರೈಗಾಗಿ ಟೋಕಿಯೊ ಕಡೆಗೆ ಕೈ ಚಾಚಿತು. ನೆಂಟರಿಗೆ ಹೋಳಿಗೆ ಬಡಿಸಿ, ಮನೆಮಕ್ಕಳ ಅನ್ನಕ್ಕೆ ಪಕ್ಕದ ಮನೆಯಿಂದ ಅಕ್ಕಿ ಕಡ ತರುವ ಈ ದೊಡ್ಡಸ್ತಿಕೆಗೆ ರಾಜತಾಂತ್ರಿಕತೆಯೆಂದು ಹೆಸರು.

ಇಟ್ಟಿಗೆ ರಂಗಕ್ಕೆ ಬಂದದ್ದು ಆಗ. 2021ರ ತಮಿಳುನಾಡು ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಡಿಎಂಕೆಯ ಉದಯನಿಧಿ ಸ್ಟಾಲಿನ್ ಅವರು ಏಮ್ಸ್ ಎಂದು ಬರೆದ ಒಂದು ಇಟ್ಟಿಗೆಯನ್ನು ಎತ್ತಿ ಹಿಡಿದು, ಮದುರೈಯ ಆಸ್ಪತ್ರೆಯೆಂದರೆ ಇಷ್ಟೇ, ಅದನ್ನೇ ತಂದಿದ್ದೇನೆ ಎಂಬಂತೆ ಊರೂರಲ್ಲಿ ತೋರಿಸಿದರು. ಎದುರು ಪಕ್ಷದವರೊಬ್ಬರು ಇಟ್ಟಿಗೆ ಕಳವಾಗಿದೆಯೆಂದು ಪೊಲೀಸರಿಗೆ ದೂರು ಕೊಟ್ಟರು. ದೂರಿನ ತರ್ಕವನ್ನು ನಿಧಾನವಾಗಿ ಓದಿಕೊಳ್ಳಬೇಕು: ಇಟ್ಟಿಗೆ ಆಸ್ಪತ್ರೆಯದೇ ಆಗಿದ್ದರೆ, ಕಳುವಾದದ್ದು ಸರಿಸುಮಾರು ಇಡೀ ಆಸ್ಪತ್ರೆ. ಹಾಗೆಂದು ಇಟ್ಟಿಗೆ ಎತ್ತಿದವರೂ ಅದರ ಮೇಲೆ ಇನ್ನೊಂದನ್ನು ಇಟ್ಟವರಲ್ಲ. ಅದು ಹೊತ್ತದ್ದು ಮತದ ಭಾರವನ್ನು ಮಾತ್ರ, ಮತ್ತು ಅದನ್ನು ಚೆನ್ನಾಗಿಯೇ ಹೊತ್ತಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಹಿರಿಯರು ಹೇಳುತ್ತಿದ್ದರು. ಇಲ್ಲಿ ಕೂಸೇ ಮೊದಲು ಹುಟ್ಟಿತು. 2022ರಲ್ಲಿ ಮದುರೈ ಏಮ್ಸ್‌ನ ಮೊದಲ ತಂಡದ ಐವತ್ತು ವೈದ್ಯ ವಿದ್ಯಾರ್ಥಿಗಳು ರಾಮನಾಥಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ಇನ್ನೊಂದು ಜಿಲ್ಲೆಯಲ್ಲಿ, ಓದಲು ಕುಳಿತರು. ಮದುರೈಯ ತೋಪ್ಪೂರಿನಲ್ಲಿ ಕಟ್ಟಡದ ಕೆಲಸ ಶುರುವಾದದ್ದು 2024ರಲ್ಲಿ. ಅಡಿಗಲ್ಲಿಗೂ ಪಾಯಕ್ಕೂ ನಡುವೆ ಐದು ವರ್ಷ; ಅಷ್ಟರಲ್ಲಿ ಹಿಮಾಚಲದ ಬಿಲಾಸ್‌ಪುರದಲ್ಲಿ 2017ರ ಅಕ್ಟೋಬರಿನಲ್ಲಿ ಅಡಿಗಲ್ಲು ಕಂಡ ಏಮ್ಸ್ 2022ರ ಅಕ್ಟೋಬರಿನಲ್ಲಿ ಉದ್ಘಾಟನೆಯನ್ನೂ ಕಂಡಿತ್ತು.

ನಮ್ಮ ಜಿಲ್ಲೆಯಲ್ಲಿ ಸಮಸ್ಯೆ ತಲೆಕೆಳಗು. ಕೆಜಿಎಫ್‌ನಲ್ಲಿ ಗಣಿ ಕಂಪನಿಯ ದೊಡ್ಡ ಆಸ್ಪತ್ರೆಯಿದೆ, ಚಿನ್ನದ ದುಡ್ಡಿನಲ್ಲಿ ಕಟ್ಟಿದ್ದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅದು ಪಾಳು ಬಿತ್ತು. ಕೋವಿಡ್ಡಿನ ಕಾಲದಲ್ಲಿ ಸ್ವಯಂಸೇವಕರು ಧೂಳು ಕೊಡವಿ, ಗುಡಿಸಿ, ತೊಳೆದಾಗ ಒಳಗೆ ವಾರ್ಡುಗಳಿರುವುದು ಊರಿಗೇ ನೆನಪಾಯಿತು. ರಾಮನಾಥಪುರದ ಆ ಐವತ್ತು ಮಂದಿಯನ್ನು ಇಲ್ಲಿಗೆ ಕರೆಸಿಕೊಂಡಿದ್ದರೆ ಜಪಾನಿಗೆ ಕಾಗದ ಬರೆಯುವ ಶ್ರಮವೇ ಉಳಿಯುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅದು ಸಾಧ್ಯವಿಲ್ಲ. ಅಲ್ಲಿ ಅಡಿಗಲ್ಲು ಹಾಕಲು ಆಗುವುದಿಲ್ಲ. ಕಟ್ಟಡ ಆಗಲೇ ನಿಂತುಬಿಟ್ಟಿದೆ.